'ಪೆರೂಸ್', ಪರಿಶೀಲನೆ ಮತ್ತು 'ನೋಡು': ಪರಿಶೀಲನಾರ್ಥಕ ಕ್ರಿಯಾಪದಗಳ ಅರ್ಥ ಮತ್ತು ಬಳಕೆ (ಮೈಸೂರು ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಹಿನ್ನೆಲೆಯಲ್ಲಿ)

ಸರ್ಕಾರಿ ಕಚೇರಿಗಳ ಪತ್ರವ್ಯವಹಾರದಲ್ಲಿ 'ತಮ್ಮ ಅವಗಾಹನೆಗಾಗಿ ಸಲ್ಲಿಸಲಾಗಿದೆ' ಎಂಬ ಒಕ್ಕಣೆ ಸರ್ವೇಸಾಮಾನ್ಯವಾದುದು. 'ಅವಗಾಹನೆ' ಎಂಬುದು 'ಗಾಹ್' ಧಾತುವಿನಿಂದ ನಿಷ್ಪನ್ನವಾದ ಪದ. ನೀರಿನಲ್ಲಿ ಇಳಿಯುವುದು, ಮುಳುಗುವುದು ಎಂಬುದು ಅದರ ಮೂಲಾರ್ಥ. ಶಾಸ್ತ್ರವೊಂದರಲ್ಲಿ ಆಳವಾಗಿ ಮುಳುಗಿ ತಿಳಿಯುವುದು ಎಂಬುದು ಅದರ ಲಾಕ್ಷಣಿಕಾರ್ಥ. ಆದರೆ ಅವಗಾಹನೆಗೆಂದು ಮೇಜಿಗೆ ಬಂದ ಕಡತದಲ್ಲಿ ಯಾವ ಅಧಿಕಾರಿಯೂ ಮುಳುಗಬೇಕೆಂದು ಕಳುಹಿಸಿದವರು ನಿರೀಕ್ಷಿಸುವುದಿಲ್ಲ. 'ತಮಗೆ ತಿಳಿದಿರಲಿ' ಎಂಬುದಷ್ಟೇ ಅಲ್ಲಿಯ ತಾತ್ಪರ್ಯ. ಈ ಒಕ್ಕಣೆಯ ಹಿಂದೆ ಇರುವುದು ಇಂಗ್ಲಿಷಿನ 'ಪೆರೂಸ್' ಎಂಬ ಕ್ರಿಯಾಪದ ಹಾಗೂ ಅದರ ನಾಮರೂಪವಾದ 'ಪೆರೂಸಲ್'. ಮೂಲ ಪದಕ್ಕೂ ಅದರ ಅನುವಾದಕ್ಕೂ ಒಂದೇ ಬಗೆಯ ಅರ್ಥಸವಕಳಿ ಒದಗಿರುವುದು ಕುತೂಹಲಕರವಾಗಿದೆ. ಇಂಥ ಪದಗಳು ಸವೆದಾಗ ನಷ್ಟವಾಗುವುದು ಏನು, ಯಾರಿಗೆ ಎಂಬುದನ್ನು ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ಜನಜೀವನದಿಂದ ಆಯ್ದ ಕೆಲವು ಸಂದರ್ಭಗಳ ಮೂಲಕ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

'ಪೆರೂಸ್' ಎಂಬುದು 'ಸಂಪೂರ್ಣವಾಗಿ' ಎಂಬರ್ಥದ 'ಪರ್' ಎಂಬ ಲ್ಯಾಟಿನ್ ಉಪಸರ್ಗವೂ 'ಯೂಸ್' ಎಂಬ ಕ್ರಿಯಾಪದವೂ ಸೇರಿ ಆದುದು. ಬಳಸಿ ಬಳಸಿ ಸವೆಸು, ಮುಗಿಯುವವರೆಗೆ ಬಳಸು ಎಂಬುದು ಅದರ ಮೊದಲಿನ ಅರ್ಥ. 16ನೆಯ ಶತಮಾನದಲ್ಲಿ ಒಂದೊಂದನ್ನೇ ತೆಗೆದು ನೋಡು, ಮೊದಲಿನಿಂದ ಕೊನೆಯವರೆಗೆ ಓದು ಎಂಬ ಅರ್ಥಗಳು ರೂಢಿಗೆ ಬಂದವು. ಆಗ ಅದು ಕೇವಲ ಓದಿಗೆ ಸೀಮಿತವಾದ ಪದವಾಗಿರಲಿಲ್ಲ. ಷೇಕ್ಸ್‌ಪಿಯರನ 'ಹ್ಯಾಮ್ಲೆಟ್' ನಾಟಕದಲ್ಲಿ ಈ ಪದ ಬರುವ ಎರಡು ಸಂದರ್ಭಗಳು ಗಮನಾರ್ಹವಾಗಿವೆ. ಹ್ಯಾಮ್ಲೆಟ್ ತನ್ನ ಮುಖವನ್ನು ಚಿತ್ರ ಬರೆಯುವವನಂತೆ ನಿಂತು ನೋಡಿದ ಬಗೆಯನ್ನು ಒಫೀಲಿಯ ತಂದೆಗೆ ವಿವರಿಸುವಾಗ ಇದರ ನಾಮರೂಪವನ್ನು ಬಳಸುತ್ತಾಳೆ. ನಾಲ್ಕನೆಯ ಅಂಕದಲ್ಲಿ ದೊರೆ ಕ್ಲಾಡಿಯಸ್, ಉದಾರ ಸ್ವಭಾವದ ಹ್ಯಾಮ್ಲೆಟ್ ಪಂದ್ಯದ ಕತ್ತಿಗಳನ್ನು ಹೀಗೆ ನೋಡಲಾರನೆಂದು ಲೆಯರ್ಟಿಸನಿಗೆ ಭರವಸೆ ಕೊಡುತ್ತಾನೆ. ಮೊನೆ ಮೊಂಡಾಗಿರದ ಕತ್ತಿಯನ್ನು ಆರಿಸಿಕೊಳ್ಳಲು ಲೆಯರ್ಟಿಸನಿಗೆ ಅವಕಾಶವಾಗುವುದು ಇದರಿಂದಲೇ. ನೋಡಬೇಕಾದುದನ್ನು ನೋಡದೆ ಬಿಟ್ಟದ್ದರಿಂದ ಒಂದು ಜೀವ ಹೋಗುತ್ತದೆ ಎಂಬಷ್ಟು ತೂಕ ಆ ಪದಕ್ಕೆ ಅಲ್ಲಿದೆ.

ಇಂದಿನ ಇಂಗ್ಲಿಷಿನಲ್ಲಿ ಇದೇ ಪದ ಎರಡು ವಿರುದ್ಧಾರ್ಥಗಳ ನಡುವೆ ತೂಗಾಡುತ್ತಿದೆ. ನಿಘಂಟುಗಳು 'ಗಮನವಿಟ್ಟು ಓದು' ಎಂಬ ಅರ್ಥವನ್ನು ಕೊಟ್ಟು, ಜೊತೆಯಲ್ಲೇ 'ಮೇಲೆ ಮೇಲೆ ನೋಡು' ಎಂಬ ಬಳಕೆಯನ್ನೂ ದಾಖಲಿಸುತ್ತವೆ. ಎರಡನೆಯದು ತಪ್ಪು ಬಳಕೆಯೆಂದು ವಾದಿಸುವವರಿದ್ದಾರೆ. ತಪ್ಪು ಒಪ್ಪುಗಳ ಚರ್ಚೆಗಿಂತ ಈ ಬದಲಾವಣೆಯ ದಾರಿ ಇಲ್ಲಿ ಮುಖ್ಯವಾದುದು. ಸೌಜನ್ಯದ ಮಾತಾಗಿ, ವಿನಂತಿಯ ಭಾಗವಾಗಿ ಪದವೊಂದು ಪತ್ರದಿಂದ ಪತ್ರಕ್ಕೆ ಹರಿದಾಡತೊಡಗಿದಾಗ ಅದು ಸೂಚಿಸುತ್ತಿದ್ದ ಶ್ರಮ ಮರೆಯಾಗುತ್ತದೆ. ಕನ್ನಡದ 'ಅವಗಾಹನೆ'ಗೆ ಆದದ್ದೂ ಇದೇ.

'ಪರಿಶೀಲನೆ'ಯ ಕಥೆ ಇದಕ್ಕಿಂತ ಸ್ವಾರಸ್ಯಕರವಾದುದು. ಸಂಸ್ಕೃತದ 'ಶೀಲ್' ಧಾತುವಿಗೆ ಮತ್ತೆ ಮತ್ತೆ ಆಚರಿಸು, ರೂಢಿಸಿಕೊಳ್ಳು ಎಂಬ ಅರ್ಥಗಳಿವೆ. 'ಪರಿ' ಸೇರಿದಾಗ ಸತತ ಸಂಪರ್ಕ, ಒಡನಾಟ, ಎಡೆಬಿಡದ ಅಭ್ಯಾಸ ಎಂಬ ಅರ್ಥಗಳು ಬರುತ್ತವೆ. 'ಪರ್' ಮತ್ತು 'ಯೂಸ್' ಕೂಡಿ ಆದ ಇಂಗ್ಲಿಷ್ ಪದಕ್ಕೂ 'ಪರಿ' ಮತ್ತು 'ಶೀಲ್' ಕೂಡಿ ಆದ ಪದಕ್ಕೂ ಇಡಿಯ ಪದವಾಗಿ ವ್ಯುತ್ಪತ್ತಿಯ ಸಂಬಂಧವಿಲ್ಲ. ಆದರೂ ಎರಡೂ ಬಳಕೆಯಿಂದ ಅರಿವಿಗೆ ನಡೆದುಬಂದಿವೆ. ಜಯದೇವನ 'ಗೀತಗೋವಿಂದ'ದ ವಸಂತವರ್ಣನೆಯಲ್ಲಿ ಲವಂಗದ ಬಳ್ಳಿಯನ್ನು ಸೋಕಿ ಬರುವ ಮಲಯಮಾರುತವನ್ನು ಹೇಳುವಾಗ 'ಪರಿಶೀಲನ' ಎಂಬ ಪದ ಸ್ಪರ್ಶವೆಂಬ ಅರ್ಥದಲ್ಲಿಯೇ ಬಂದಿದೆ. 'ವಿಮರ್ಶೆ', 'ಪರಾಮರ್ಶೆ' ಎಂಬ ಪದಗಳ ಮೂಲದಲ್ಲಿರುವ 'ಮೃಶ್' ಧಾತುವಿಗೂ ಮುಟ್ಟು, ಸವರು ಎಂದೇ ಅರ್ಥ. ಹಳೆಯ ಅರ್ಜಿಗಳಲ್ಲಿ ಕಾಣುವ 'ಪರಾಂಬರಿಸು' ಈ ಪರಾಮರ್ಶೆಯ ಬಳಗಕ್ಕೇ ಸೇರಿದುದು. 'ಕೂಲಂಕಷ' ಎಂಬುದು ದಡವನ್ನು ಉಜ್ಜಿ ಕೊರೆಯುತ್ತ ಹರಿಯುವ ಹೊಳೆಗೆ ಸಲ್ಲುವ ವಿಶೇಷಣ. ಹೀಗೆ ನೋಡಿದರೆ ಕನ್ನಡ ವಿದ್ವತ್ ಪರಂಪರೆ ದಿನನಿತ್ಯ ಬಳಸುವ ಪರಿಶೀಲನಾರ್ಥಕ ಪದಗಳಲ್ಲಿ ಬಹುಪಾಲು ಕೈಯಿಂದ ಹುಟ್ಟಿದವು, ಕಣ್ಣಿನಿಂದಲ್ಲ. 'ಪರೀಕ್ಷೆ' ಮಾತ್ರ ಸುತ್ತಲೂ ನೋಡುವುದು ಎಂಬರ್ಥದ್ದು. ಆಡಳಿತದ ದಾರಿಯಲ್ಲಿ ಬಂದ 'ತನಿಖೆ', 'ತಪಾಸಣೆ'ಗಳ ಮೂಲ ಅರಬ್ಬಿಯಲ್ಲಿದ್ದು, ಅವುಗಳ ಚರ್ಚೆ ಇಲ್ಲಿ ಅಪ್ರಸ್ತುತ.

ಸಂಸ್ಕೃತಜನ್ಯ ಪದಗಳಲ್ಲಿ ಸ್ಪರ್ಶದ ನೆನಪು ಅಳಿಸಿಹೋಗಿದ್ದರೂ ಕನ್ನಡದ ವಾಕ್ಯರಚನೆ ಅದನ್ನು ಇನ್ನೊಂದು ರೀತಿಯಲ್ಲಿ ಉಳಿಸಿಕೊಂಡಿದೆ. ಭೂತನ್ಯೂನದ ಮುಂದೆ 'ನೋಡು' ಎಂಬ ಕ್ರಿಯಾಪದ ಸಹಾಯಕವಾಗಿ ಬಂದಾಗ ಪರೀಕ್ಷಿಸು, ಪ್ರಯತ್ನಿಸಿ ತಿಳಿ ಎಂಬ ಅರ್ಥ ಬರುತ್ತದೆ: ಮುಟ್ಟಿ ನೋಡು, ಮೂಸಿ ನೋಡು, ಎಣಿಸಿ ನೋಡು, ಬಿಚ್ಚಿ ನೋಡು, ಕೇಳಿ ನೋಡು. ತಮಿಳಿನ 'ಪಾರ್', ತೆಲುಗಿನ 'ಚೂಡು' ಕ್ರಿಯಾಪದಗಳಿಗೂ ಇದೇ ಬಳಕೆ ಇರುವುದರಿಂದ ಇದು ದ್ರಾವಿಡ ಭಾಷೆಗಳ ಸಮಾನ ಲಕ್ಷಣವೆಂದು ಹೇಳಬಹುದು. 'ಕೇಳಿ ನೋಡು' ಎಂಬಲ್ಲಿ ಕಣ್ಣಿಗೆ ಕೆಲಸವಿಲ್ಲ. 'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆಯಲ್ಲಂತೂ ನೋಡುವುದೆಂದರೆ ಪೂರಾ ಅನುಭವಿಸಿ ಅರಿಯುವುದು. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬ ಗಾದೆ ಕಾಣುವುದಕ್ಕೂ ನೋಡುವುದಕ್ಕೂ ಇರುವ ಅಂತರವನ್ನೇ ಹೇಳುತ್ತದೆ. ಈ ರಚನೆಯ ಮುಖ್ಯ ಗುಣವೆಂದರೆ, 'ನೋಡು' ಎಂಬುದರ ಹಿಂದೆ ಯಾವ ಕ್ರಿಯೆಯಿಂದ ನೋಡಲಾಯಿತು ಎಂಬುದನ್ನು ಹೇಳದೆ ವಾಕ್ಯ ಮುಂದುವರಿಯುವುದಿಲ್ಲ. 'ಪರಿಶೀಲಿಸಲಾಗಿದೆ' ಎಂಬ ಕರ್ಮಣಿ ರೂಪದಲ್ಲಿ ಇದಕ್ಕೆ ವಿರುದ್ಧವಾದ ಸ್ಥಿತಿಯಿದೆ. ಅಲ್ಲಿ ನೋಡಿದವರು ಯಾರೆಂಬುದಿಲ್ಲ, ಹೇಗೆ ನೋಡಿದರೆಂಬುದೂ ಇಲ್ಲ. ಆಡುಮಾತಿನಲ್ಲಿ 'ಪರಿಶೀಲಿಸಿ ನೋಡಿ' ಎನ್ನುವವರಿದ್ದಾರೆ. ಇದನ್ನು ದ್ವಿರುಕ್ತಿದೋಷವೆಂದು ತಳ್ಳಿಹಾಕುವುದು ಸುಲಭ. ಆದರೆ ಪರಿಶೀಲಿಸುವುದನ್ನು ಒಂದು ಕೆಲಸವೆಂದೂ ನೋಡುವುದನ್ನು ಅದರ ಫಲವೆಂದೂ ಭಾಷಿಕರು ಬೇರ್ಪಡಿಸಿಕೊಂಡಿರುವುದಕ್ಕೆ ಅದು ಸಾಕ್ಷಿಯಾಗಿದೆ.

ಮೇಲೆ ಹೇಳಿದ ನಾಲ್ಕು ತಾಲ್ಲೂಕುಗಳು ಹೊಗೆಸೊಪ್ಪಿನ ಬೆಳೆಗೆ ಹೆಸರಾದವು. ಇಲ್ಲಿಯ ಮುಖ್ಯ ಬೆಳೆ ಬ್ಯಾರನ್ನಿನಲ್ಲಿ ಬೇಯಿಸಿ ಹದಮಾಡುವ ವರ್ಜೀನಿಯಾ ತಳಿಯದು. 1975ರ ತಂಬಾಕು ಮಂಡಳಿ ಕಾಯ್ದೆಯಂತೆ 1976ರಲ್ಲಿ ಮಂಡಳಿ ಅಸ್ತಿತ್ವಕ್ಕೆ ಬಂದು, 1984ರಲ್ಲಿ ಕರ್ನಾಟಕದಲ್ಲಿ ಹರಾಜು ಪದ್ಧತಿ ಆರಂಭವಾಯಿತು. ಬೆಳೆಯ ಸಾಮಾಜಿಕ, ಆರೋಗ್ಯಸಂಬಂಧಿ ಪ್ರಶ್ನೆಗಳು ಬೇರೆಯೇ ಇವೆ. ಭಾಷೆಯ ದೃಷ್ಟಿಯಿಂದ ಮಾತ್ರ ಈ ಕಸುಬು 'ನೋಡು' ಎಂಬ ಸಹಾಯಕ ಕ್ರಿಯಾಪದದ ದೊಡ್ಡ ಪಾಠಶಾಲೆಯಾಗಿದೆ.

ಗಿಡದ ಎಲೆಗಳನ್ನು ಒಮ್ಮೆಗೇ ಕೀಳುವುದಿಲ್ಲ. ಬುಡದಿಂದ ಮೇಲಕ್ಕೆ ಬಲಿಯುತ್ತ ಬಂದ ಹಾಗೆ, ಒಂದು ಸಲಕ್ಕೆ ಎರಡು ಮೂರು ಎಲೆಗಳಂತೆ ವಾರಗಟ್ಟಲೆ ಮುರಿಯುತ್ತ ಹೋಗಬೇಕು. ಎಲೆಯ ಹಸಿರು ತಿಳಿಯಾಗಿ ಹಳದಿಗೆ ತಿರುಗಿದೆಯೇ, ನಡುನರ ಬೆಳ್ಳಗಾಗಿದೆಯೇ ಎಂಬುದನ್ನು ಸಾಲಿನಲ್ಲಿ ನಡೆಯುತ್ತಲೇ ನಿರ್ಧರಿಸಬೇಕು. ಕಡ್ಡಿಗಳಿಗೆ ಕಟ್ಟಿ ಬ್ಯಾರನ್ನಿಗೆ ಏರಿಸಿದ ಮೇಲೆ ಐದಾರು ದಿನ ಉರಿಯ ಕಾವಲು ಇರುತ್ತದೆ. ಮೊದಲು ಸಣ್ಣ ಕಾವಿನಲ್ಲಿ ಬಣ್ಣ ಬರಬೇಕು, ಆಮೇಲೆ ಎಲೆಯ ಹರವು ಒಣಗಬೇಕು, ಕಡೆಗೆ 70 ಡಿಗ್ರಿ ಸೆಲ್ಸಿಯಸ್ ಸಮೀಪದ ಕಾವಿನಲ್ಲಿ ನಡುನರ ಒಣಗಬೇಕು. ಉಷ್ಣಮಾಪಕ ಕಾವನ್ನು ತೋರಿಸುತ್ತದೆ, ಆದರೆ ನರ ಒಣಗಿತೋ ಇಲ್ಲವೋ ಎಂಬುದನ್ನು ಮುರಿದು ನೋಡಿಯೇ ತಿಳಿಯಬೇಕು. ಚಟಕ್ಕನೆ ಮುರಿಯದಿದ್ದರೆ ಅದರಲ್ಲಿ ಹಸಿ ಉಳಿದಿದೆ ಎಂದರ್ಥ. ಇಳಿಸಿದ ಸೊಪ್ಪು ಒಡನೆಯೇ ಮುಟ್ಟಿದರೆ ಪುಡಿಯಾಗುವುದರಿಂದ ಗಾಳಿಯ ತೇವ ಕುಡಿದು ಮೆತ್ತಗಾಗುವವರೆಗೆ ಕಾಯುತ್ತಾರೆ. ಹಿಡಿಯಲ್ಲಿ ಹಿಡಿದು ನೋಡಿದಾಗ ಎಲೆ ಒಡೆಯದೆ ಮತ್ತೆ ಅರಳಿಕೊಂಡರೆ ಹದ ಬಂದಿದೆಯೆಂದು ತಿಳಿಯುತ್ತಾರೆ. ಅನಂತರ ಬರುವುದು ವಿಂಗಡಣೆ. ಬುಡದ ಎಲೆ, ನಡುವಿನ ಎಲೆ, ತುದಿಯ ಎಲೆ. ಬಣ್ಣ, ದಪ್ಪ, ಚುಕ್ಕೆ, ಹರಕು – ಹೀಗೆ ಒಂದೊಂದು ಎಲೆಯನ್ನೂ ಬಿಡಿಸಿ, ಬೆಳಕಿಗೆ ಹಿಡಿದು, ಬೇರೆ ಬೇರೆ ಗುಡ್ಡೆಗಳಿಗೆ ಹಾಕಬೇಕು. ಈ ಕೆಲಸದಲ್ಲಿ ಮನೆಯ ಹೆಂಗಸರ ಪಾಲು ದೊಡ್ಡದು. 'ಪೆರೂಸ್' ಪದದ ಹಳೆಯ ಅರ್ಥಕ್ಕೆ, ಎಂದರೆ ಒಂದೊಂದನ್ನೇ ತೆಗೆದು ಮುಗಿಯುವವರೆಗೆ ನೋಡುವುದಕ್ಕೆ, ಇದಕ್ಕಿಂತ ಉತ್ತಮ ನಿದರ್ಶನವನ್ನು ಪುಸ್ತಕದ ಲೋಕದಲ್ಲಿ ಹುಡುಕುವುದು ಕಷ್ಟ.

ಹೀಗೆ ಕಟ್ಟಿದ ಬೇಲು ಹರಾಜು ಕಟ್ಟೆಗೆ ಬಂದಾಗ ನೋಟದ ಕಾಲಮಾನವೇ ಬದಲಾಗುತ್ತದೆ. ಸಾಲಾಗಿ ಇಟ್ಟ ಬೇಲುಗಳ ದರ್ಜೆಯನ್ನು ಗುರುತಿಸಲಾಗುತ್ತದೆ. ಖರೀದಿದಾರರು ಬೇಲಿನಿಂದ ಬೇಲಿಗೆ ಸಾಗುತ್ತ ಸೊಪ್ಪಿನ ಎಳೆಯೊಂದನ್ನು ಎಳೆದು, ಮುಟ್ಟಿ, ಕೆಲವೊಮ್ಮೆ ಮೂಸಿ ಬೆಲೆ ಕಟ್ಟುತ್ತಾರೆ. ಹೊರಗೆ ಒಳ್ಳೆಯ ಸೊಪ್ಪು ಜೋಡಿಸಿ ಒಳಗೆ ಕಳಪೆಯದನ್ನು ಅಡಗಿಸಿದ ಬೇಲುಗಳೂ ಇರಬಹುದಾದ್ದರಿಂದ ಬಗೆದು ನೋಡುವ ಹಕ್ಕು ಅವರಿಗಿದೆ. ಬೆಲೆ ಒಪ್ಪಿಗೆಯಾಗದಿದ್ದರೆ ಬೇಲನ್ನು ಮಾರದೆ ಹಿಂದಕ್ಕೆ ಪಡೆಯುವ ಹಕ್ಕು ಬೆಳೆಗಾರನಿಗೂ ಇದೆ. ಅನುಭವಿ ಕೈಗೆ ಕೆಲವು ಕ್ಷಣಗಳು ಸಾಕೆಂಬುದು ನಿಜವೇ ಆದರೂ, ವಾರಗಟ್ಟಲೆ ನೋಡಿ ಕಟ್ಟಿದ್ದು ಕ್ಷಣಗಳಲ್ಲಿ ನೋಡಲ್ಪಟ್ಟು ಬೆಲೆಯಾಗುತ್ತದೆ. ಇಂಗ್ಲಿಷ್ ನಿಘಂಟಿನಲ್ಲಿ ಅಕ್ಕಪಕ್ಕ ಇರುವ ಎರಡು ಅರ್ಥಗಳು, ಗಮನವಿಟ್ಟು ನೋಡುವುದು ಹಾಗೂ ಮೇಲೆ ಮೇಲೆ ನೋಡುವುದು, ಇಲ್ಲಿ ಒಂದೇ ಬೇಲಿನ ಎರಡು ಬದಿಗಳಲ್ಲಿ ನಿಂತಿರುತ್ತವೆ. ವರದಿಯ ಭಾಷೆ ಮಾತ್ರ ಎರಡನ್ನೂ 'ಗುಣಮಟ್ಟ ಪರಿಶೀಲನೆ' ಎಂದೇ ಕರೆಯುತ್ತದೆ. ದರದ ಬಗ್ಗೆ ಎಷ್ಟೋ ಸಲ ಎದ್ದಿರುವ ತಕರಾರುಗಳಲ್ಲಿ ಒಂದು ಭಾಗ ಮಾರುಕಟ್ಟೆಯದಾದರೆ, ಇನ್ನೊಂದು ಭಾಗ ಈ ಎರಡು ನೋಟಗಳ ನಡುವಿನ ಅಂತರದ್ದು ಎನ್ನಬಹುದು.

ಕೃಷ್ಣರಾಜನಗರದ ಕಾವೇರಿ ಬಯಲಿನ ಭತ್ತಕ್ಕೂ ಈ ಮಾತು ಅನ್ವಯಿಸುತ್ತದೆ. ಕಾಳು ಒಣಗಿದೆಯೇ ಎಂದು ರೈತ ಹಲ್ಲಿನಲ್ಲಿ ಕಚ್ಚಿ ನೋಡುತ್ತಾನೆ. ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲಿ ತೇವಾಂಶ ಶೇಕಡಾ 17ನ್ನು ಮೀರಬಾರದೆಂಬ ಮಾನದಂಡವನ್ನು ಉಪಕರಣ ಅಳೆಯುತ್ತದೆ. ಇಲ್ಲಿ ಉಪಕರಣ ಕೊಡುವ ಅಂಕಿ ಇಬ್ಬರ ಕಣ್ಣಿಗೂ ಬೀಳುತ್ತದೆ ಎಂಬುದಷ್ಟೇ ಹೊಗೆಸೊಪ್ಪಿಗಿಂತ ಭಿನ್ನವಾದುದು. ಇನ್ನು ಚುನಾವಣೆಯ 'ನಾಮಪತ್ರ ಪರಿಶೀಲನೆ' ಎಲ್ಲರಿಗೂ ಪರಿಚಿತವಾದ ಪ್ರಯೋಗ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 36ನೆಯ ಕಲಮಿನ ಇಂಗ್ಲಿಷ್ ಪಾಠದಲ್ಲಿ ಶೀರ್ಷಿಕೆಗೆ 'ಸ್ಕ್ರೂಟಿನಿ', ಅಧಿಕಾರಿ ನಾಮಪತ್ರ ನೋಡುವುದಕ್ಕೆ 'ಎಗ್ಸಾಮಿನ್', ಆಕ್ಷೇಪಣೆ ತೀರ್ಮಾನಿಸುವುದಕ್ಕೆ 'ಎಂಕ್ವೈರಿ' ಎಂದು ಮೂರು ಪದಗಳಿವೆ. 'ಸ್ಕ್ರೂಟಿನಿ' ಎಂಬುದು ಚಿಂದಿ ಎಂಬರ್ಥದ ಲ್ಯಾಟಿನ್ ಪದದಿಂದ, ಚಿಂದಿಯ ರಾಶಿಯನ್ನು ಕೆದಕಿ ಹುಡುಕುವ ಕ್ರಿಯೆಯಿಂದ ಬಂದಿತೆಂದು ನಿಷ್ಪತ್ತಿಕಾರರು ಹೇಳುತ್ತಾರೆ. ಆದರೆ ಅದೇ ಕಲಮು ಗಂಭೀರವಲ್ಲದ ದೋಷಕ್ಕಾಗಿ ನಾಮಪತ್ರವನ್ನು ತಿರಸ್ಕರಿಸಕೂಡದೆಂದು ವಿಧಿಸುತ್ತದೆ. ಎಂದರೆ ಕೆದಕಿ ನೋಡುವುದಕ್ಕೂ ಒಂದು ಮಿತಿಯನ್ನು ಅಲ್ಲಿಯೇ ಹಾಕಲಾಗಿದೆ.

ಪದವೊಂದರ ಮಸುಕಿನಿಂದ ಹೆಚ್ಚಿನ ಹಾನಿ ಸಂಭವಿಸಬಹುದಾದ ಸಂದರ್ಭ ಇದೇ ಸೀಮೆಯ ಕಾಡಂಚಿನಲ್ಲಿದೆ. ನಾಗರಹೊಳೆಯ ಕಾಡು ಹುಣಸೂರು, ಹೆಗ್ಗಡದೇವನಕೋಟೆ ತಾಲ್ಲೂಕುಗಳಿಗೆ ಹಬ್ಬಿದೆ. ಕಾಡಿನಿಂದ ಹೊರಬಂದ, ಇನ್ನೂ ಅಂಚಿನ ಹಾಡಿಗಳಲ್ಲಿ ನೆಲೆಸಿರುವ ಜೇನುಕುರುಬರೇ ಮೊದಲಾದ ಸಮುದಾಯಗಳ ಭೂಮಿಯ ಪ್ರಶ್ನೆ ಹಳೆಯದು. ಉಚ್ಚ ನ್ಯಾಯಾಲಯದ ಆದೇಶದಂತೆ ಮೈಸೂರು ವಿಶ್ವವಿದ್ಯಾನಿಲಯದ ಪ್ರೊ. ಮುಜಾಫರ್ ಅಸ್ಸಾದಿ ಅವರ ನೇತೃತ್ವದಲ್ಲಿ ರಚಿತವಾದ ಸಮಿತಿ 2014ರಲ್ಲಿ ವರದಿ ನೀಡಿ, ಸ್ಥಳಾಂತರಗೊಂಡ 3,418 ಕುಟುಂಬಗಳನ್ನು ಗುರುತಿಸಿತು. 2006ರ ಅರಣ್ಯ ಹಕ್ಕು ಕಾಯ್ದೆಯಂತೆ ಪರಿಶಿಷ್ಟ ಬುಡಕಟ್ಟಿನ ಅರ್ಜಿದಾರರು 2005ರ ಡಿಸೆಂಬರ್ 13ಕ್ಕೆ ಮೊದಲು ಆ ನೆಲದಲ್ಲಿ ಇದ್ದುದನ್ನು ತೋರಿಸಬೇಕು.

ಈ ಕಾಯ್ದೆಯ 6ನೆಯ ಕಲಮು ಮೂರು ಹಂತಗಳಿಗೆ ಮೂರು ಕ್ರಿಯಾಪದಗಳನ್ನು ಹಂಚಿದೆ. ಗ್ರಾಮಸಭೆ ಅರ್ಜಿಗಳನ್ನು 'ವೆರಿಫೈ' ಮಾಡಬೇಕು, ಉಪವಿಭಾಗ ಮಟ್ಟದ ಸಮಿತಿ ಗ್ರಾಮಸಭೆಯ ನಿರ್ಣಯವನ್ನು 'ಎಗ್ಸಾಮಿನ್' ಮಾಡಬೇಕು, ಜಿಲ್ಲಾ ಮಟ್ಟದ ಸಮಿತಿ ದಾಖಲೆಯನ್ನು 'ಕನ್ಸಿಡರ್' ಮಾಡಿ ಅಂತಿಮ ಅನುಮೋದನೆ ಕೊಡಬೇಕು. ಆಡಳಿತ ಕನ್ನಡದ ರೂಢಿಯಲ್ಲಿ ಮೂರಕ್ಕೂ 'ಪರಿಶೀಲಿಸು' ಒದಗಿಬರುತ್ತದೆ. ಆದರೆ ಮೂರೂ ಒಂದೇ ಕೆಲಸವಲ್ಲ. ಮೊದಲನೆಯದು ನಡೆದು ನೋಡುವ ಕೆಲಸ. 2008ರ ನಿಯಮಗಳ 12ನೆಯ ನಿಯಮದಂತೆ ಅರಣ್ಯ ಹಕ್ಕು ಸಮಿತಿ ಅರ್ಜಿದಾರರಿಗೂ ಅರಣ್ಯ ಇಲಾಖೆಗೂ ತಿಳಿಸಿ, ಸ್ಥಳಕ್ಕೆ ಹೋಗಿ, ನೆಲದ ಸ್ವರೂಪ ವಿಸ್ತಾರಗಳನ್ನೂ ಅಲ್ಲಿರುವ ಸಾಕ್ಷ್ಯವನ್ನೂ ಕಣ್ಣಾರೆ ನೋಡಬೇಕು. ವಿಶೇಷವಾಗಿ ದುರ್ಬಲವಾದ ಬುಡಕಟ್ಟುಗಳ ಹಕ್ಕುಗಳನ್ನು ಅವರು ಅಥವಾ ಅವರ ಪ್ರತಿನಿಧಿಗಳು ಹಾಜರಿರುವಾಗಲೇ ನೋಡಬೇಕು. ಕರ್ನಾಟಕದಲ್ಲಿ ಈ ವರ್ಗಕ್ಕೆ ಸೇರಿದವರು ಜೇನುಕುರುಬರು ಮತ್ತು ಕೊರಗರು. 13ನೆಯ ನಿಯಮ ಒಪ್ಪುವ ಸಾಕ್ಷ್ಯಗಳಲ್ಲಿ ಸರ್ಕಾರಿ ದಾಖಲೆಗಳ ಜೊತೆಗೆ ಮನೆ, ಗುಡಿಸಲು, ಬಾವಿ, ಸಮಾಧಿಸ್ಥಳ, ಪವಿತ್ರ ಸ್ಥಾನಗಳೂ, ಅರ್ಜಿದಾರರಲ್ಲದ ಹಿರಿಯರ ಬರೆದುಕೊಂಡ ಹೇಳಿಕೆಗಳೂ ಸೇರಿವೆ. ಕಡತವನ್ನು ಎಷ್ಟು ಅವಗಾಹಿಸಿದರೂ ಅದರಲ್ಲಿ ಸಮಾಧಿಸ್ಥಳ ಕಾಣುವುದಿಲ್ಲ. ಅದು ಕಾಣಬೇಕಾದರೆ ಕಾಡಿನೊಳಗೆ ನಡೆಯಬೇಕು, ದಾರಿ ಬಲ್ಲ ಹಿರಿಯರು ಜೊತೆಗಿರಬೇಕು.

ಎರಡನೆಯ ಹಂತದ ಕೆಲಸ ಓದಿ ನೋಡುವುದು: ಗ್ರಾಮಸಭೆಯ ನಿರ್ಣಯ, ನಕ್ಷೆ, ಹೇಳಿಕೆಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ತಾಳೆ ಹಾಕುವುದು. ಮೂರನೆಯದು ತೂಗಿ ನೋಡುವುದು. ನಡೆದು ನೋಡಬೇಕಾದಲ್ಲಿ ಓದಿ ನೋಡಿದರೆ ಹಾಡಿಯ ಅರ್ಜಿ ಕಾಗದದ ಕೊರತೆಯಿಂದಲೇ ಬಿದ್ದುಹೋಗುತ್ತದೆ. ಹಿಂಬರಹದಲ್ಲಿ ಮಾತ್ರ ಎರಡೂ ಸಂದರ್ಭಗಳಲ್ಲಿ 'ಪರಿಶೀಲಿಸಲಾಗಿ, ಸೂಕ್ತ ದಾಖಲೆಗಳಿಲ್ಲದ ಕಾರಣ ತಿರಸ್ಕರಿಸಲಾಗಿದೆ' ಎಂದೇ ಬರೆಯಲು ಬರುತ್ತದೆ. ತಿರಸ್ಕೃತ ಅರ್ಜಿದಾರರು 60 ದಿನಗಳೊಳಗೆ ಮೇಲಿನ ಸಮಿತಿಗೆ ಮನವಿ ಸಲ್ಲಿಸಬಹುದು. ಆದರೆ ಯಾವ ಕೆಲಸ ನಡೆದಿಲ್ಲವೆಂದು ಆಕ್ಷೇಪಿಸಬೇಕೋ ಅದನ್ನೇ ಆ ವಾಕ್ಯ ಮುಚ್ಚಿಟ್ಟಿರುತ್ತದೆ. 2019ರ ಫೆಬ್ರವರಿ 13ರಂದು ಸರ್ವೋಚ್ಚ ನ್ಯಾಯಾಲಯ ಅರ್ಜಿ ತಿರಸ್ಕೃತರಾದವರನ್ನು ತೆರವುಗೊಳಿಸುವ ಬಗ್ಗೆ ಆದೇಶ ನೀಡಿ, ಫೆಬ್ರವರಿ 28ರಂದು ಅದನ್ನು ತಡೆಹಿಡಿಯಿತು. ಆಗ ರಾಜ್ಯಗಳಿಂದ ಅದು ಕೇಳಿದ ವಿವರಗಳಲ್ಲಿ ತಿರಸ್ಕಾರದ ಮೊದಲು ಯಾವ ಕ್ರಮವನ್ನು ಅನುಸರಿಸಲಾಯಿತು ಎಂಬುದು ಮುಖ್ಯವಾಗಿತ್ತು. 'ಪರಿಶೀಲಿಸಲಾಗಿದೆ' ಎಂಬುದು ಆ ಪ್ರಶ್ನೆಗೆ ಉತ್ತರವಾಗಲಾರದು.

ಇದರಿಂದ 'ಪರಿಶೀಲನೆ'ಯನ್ನು ಕೈಬಿಡಬೇಕೆಂದಾಗಲಿ, ಪ್ರತಿಯೊಂದು ಇಂಗ್ಲಿಷ್ ಪದಕ್ಕೂ ಹೊಸ ಪಾರಿಭಾಷಿಕ ಪದವನ್ನು ಟಂಕಿಸಬೇಕೆಂದಾಗಲಿ ಅರ್ಥವಲ್ಲ. ಹೊಸ ಪದಗಳ ಪಟ್ಟಿ ಕೂಡ ಕೆಲವೇ ವರ್ಷಗಳಲ್ಲಿ ಇದೇ ರೀತಿ ಸವೆಯುತ್ತದೆ. ಗ್ರಂಥಸಂಪಾದನೆಯ ಕ್ಷೇತ್ರದಲ್ಲಿ ಕನ್ನಡ ವಿದ್ವಾಂಸರು ಈ ಎಚ್ಚರವನ್ನು ಹಿಂದೆಯೇ ತೋರಿದ್ದಾರೆ. ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ'ಯ ಕಾಲದಿಂದ ಈ ಶಿಸ್ತನ್ನು ಕಲಿತ ಯಾವ ವಿದ್ಯಾರ್ಥಿಯೂ 'ಹಸ್ತಪ್ರತಿಗಳನ್ನು ಪರಿಶೀಲಿಸಲಾಗಿದೆ' ಎಂದು ಬರೆದು ಸುಮ್ಮನಾಗುವುದಿಲ್ಲ. ಯಾವ ಪ್ರತಿ, ಎಷ್ಟು ಗರಿ, ಎಲ್ಲಿ ಲುಪ್ತ, ಯಾವ ಪಾಠ ಯಾವುದರೊಡನೆ ಹೋಲಿಸಲ್ಪಟ್ಟಿತು ಎಂಬುದನ್ನು ಹೇಳಿದ ಮೇಲೆಯೇ ಪಾಠನಿರ್ಣಯಕ್ಕೆ ಬೆಲೆ. ಸತ್ತ ಕವಿಯ ಒಂದು ಅಕ್ಷರಕ್ಕೆ ಸಲ್ಲುವ ಈ ಗೌರವ ಬದುಕಿರುವ ಅರ್ಜಿದಾರನ ಎರಡು ಎಕರೆಗೆ ಸಲ್ಲಬಾರದೇಕೆ?

ಸ್ನಾತಕ ತರಗತಿಗಳ ಆಡಳಿತ ಕನ್ನಡ ಪತ್ರಿಕೆಯಲ್ಲಿ 'ಪೆರೂಸಲ್' ಎಂಬುದಕ್ಕೆ 'ಅವಗಾಹನೆ' ಎಂದೂ 'ಸ್ಕ್ರೂಟಿನಿ'ಗೆ 'ಪರಿಶೀಲನೆ' ಎಂದೂ ಜೋಡಿಪದಗಳನ್ನು ಬಾಯಿಪಾಠ ಮಾಡಿಸುವ ಬದಲು, ಹಿಂಬರಹವೊಂದನ್ನು ಕೊಟ್ಟು ಅದರಲ್ಲಿಯ 'ಪರಿಶೀಲಿಸಲಾಗಿದೆ'ಯನ್ನು 'ನೋಡು' ಕ್ರಿಯಾಪದದ ರಚನೆಗೆ ತಿರುಗಿಸಲು ಹೇಳಬಹುದು. ಆಗ ವಿದ್ಯಾರ್ಥಿ ಈ ಬಗೆಯ ವಾಕ್ಯವನ್ನು ಬರೆಯಬೇಕಾಗುತ್ತದೆ: 'ಸಮಿತಿಯ ಸದಸ್ಯರು ಅರ್ಜಿದಾರರೊಡನೆ ಸ್ಥಳಕ್ಕೆ ಹೋಗಿ, ಹಳೆಯ ಬಾವಿಯನ್ನೂ ಸಮಾಧಿಗಳನ್ನೂ ಕಂಡು, ಹಾಡಿಯ ಹಿರಿಯರನ್ನು ಕೇಳಿ ಹೇಳಿಕೆ ಬರೆದುಕೊಂಡು, ನೆಲವನ್ನು ಅಳೆದು ನೋಡಿದ್ದಾರೆ.' ವಾಕ್ಯ ಉದ್ದವಾಯಿತೆಂಬ ಆಕ್ಷೇಪ ಬರಬಹುದು. ಹಿಂಬರಹದ ನಮೂನೆಯಲ್ಲಿ ಅದಕ್ಕೆ ಬಿಟ್ಟಿರುವ ಜಾಗವೂ ಸಾಮಾನ್ಯವಾಗಿ ಒಂದೇ ಸಾಲಿನಷ್ಟಿರುತ್ತದೆ.